ದಾಯಾದಿ ಪಾಚಿ

ಅನುಮಾನಪಡುವುದು ನನ್ನ ಕಸುಬು. ಸಮುದ್ರದ ಕೆಂಪು ಪಾಚಿಯ ಕೋಶಗಳ ಗೋಡೆ ಯಾವ ಸಕ್ಕರೆಯ ಸರಪಳಿಗಳಿಂದ ಕಟ್ಟಿದ್ದು ಎಂದು ಕಾಲೇಜಿನ ಲ್ಯಾಬಿನಲ್ಲಿ ಪರೀಕ್ಷಿಸುವವನು ನಾನು. ಆ ಪಾಚಿಗೆ ಒಂದು ಪರಾವಲಂಬಿ ಅಂಟಿಕೊಳ್ಳುತ್ತದೆ. ಅದು ಹುಳುವಲ್ಲ, ಹುಪ್ಪಟೆಯಲ್ಲ, ಇನ್ನೊಂದು ಕೆಂಪು ಪಾಚಿಯೇ. ಎಷ್ಟೋ ಸಲ ಹತ್ತಿರದ ದಾಯಾದಿ. ಗೋಡೆಯ ಸರಕೂ ಹೆಚ್ಚುಕಡಿಮೆ ಒಂದೇ. ಅದಕ್ಕೇ ಮನೆಯ ಯಜಮಾನ ಪಾಚಿಗೆ ಒಳನುಗ್ಗಿದವರ ಗುರುತು ಸಿಗುವುದಿಲ್ಲವೇನೋ ಎಂಬುದು ನನ್ನ ಗುಮಾನಿ. ದಿನವಿಡೀ ಇದನ್ನೇ ನೋಡಿ ಮನೆಗೆ ಬಂದವನಿಗೆ ಬಾಗಿಲಲ್ಲಿ ನೆಂಟರ ಚಪ್ಪಲಿ ಕಂಡರೆ ಎದೆ ಧಸಕ್ಕೆನ್ನದೆ ಇರುತ್ತದೆಯೇ?

ಚಪ್ಪಲಿ ನಟೇಶನದು. ಇಲವಾಲದ ನನ್ನ ಚಿಕ್ಕಪ್ಪನ ಮಗ. ಲಷ್ಕರ್ ಮೊಹಲ್ಲಾದ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತೆಂದು, ರೂಮು ಸಿಗುವವರೆಗೆ ಅಂತ ಸರಸ್ವತಿಪುರಂನ ನಮ್ಮ ಮನೆಗೆ ಬಂದ. ಮೂಗು ನನ್ನದೇ, ನಗುವೂ ನನ್ನದೇ. ಗೋಡೆ ಒಂದೇ ತರಹ, ನೋಡಿ! ಎರಡೇ ವಾರದಲ್ಲಿ ನನ್ನ ಅತ್ತೆಗೆ ಅವನು "ನಟೇಶಪ್ಪ" ಆಗಿಬಿಟ್ಟ. ಮೊನ್ನೆಯಂತೂ ಮಹಡಿಯ ಮೇಲಿನ ನನ್ನ ಓದುವ ಕೋಣೆಯನ್ನು ಅವನಿಗೆ ಕೊಟ್ಟರೆ ಹೇಗೆ ಎಂದರು. ನನಗೆ ಮೈಯೆಲ್ಲ ಉರಿಯಿತು. ಅಲ್ಲಿ ನಾನು ಓದುವುದು ಕಡಿಮೆ, ಮಲಗುವುದೇ ಹೆಚ್ಚು. ಆದರೂ ಅದು ನನ್ನದು.

ಭಾನುವಾರ ಊಟಕ್ಕೆ ಚೈನಾ ಗ್ರಾಸ್ ಪುಡ್ಡಿಂಗ್ ಬಂತು. ಸಿಕ್ಕಿದ್ದೇ ಸಮಯವೆಂದು, ಇದನ್ನು ಗಟ್ಟಿ ಮಾಡಿರುವುದು ಕೆಂಪು ಪಾಚಿಯ ಗೋಡೆಯ ಸರಕೇ ಎಂದು ಶುರುಮಾಡಿ, ನಟೇಶನನ್ನೇ ದುರುಗುಟ್ಟಿ ನೋಡುತ್ತ ದಾಯಾದಿಯ ಕಥೆಯನ್ನೆಲ್ಲ ಹೇಳಿದೆ.

"ಎರಡೂ ಒಂದೇ ತರ ಇದ್ರೆ, ವಕ್ಕರಿಸ್ಕೊಂಡಿರೋದು ಯಾವ್ದು ಅಂತ ಹೆಂಗೆ ಗೊತ್ತಾಗುತ್ತೆ ಅಳಿಯಂದ್ರೇ?" ಎಂದರು ಅತ್ತೆ.

"ಬಹಳ ಸುಲಭ. ತನ್ನ ಅಡುಗೆ ತಾನು ಮಾಡ್ಕೊಳ್ಳೋದನ್ನ ಬಿಟ್ಬುಡುತ್ತೆ. ಬಿಳಿಚ್ಕೊಳ್ಳುತ್ತೆ. ಕೂತಲ್ಲೇ ತಿಂದು ಗುಂಡಗಾಗುತ್ತೆ."

ನನ್ನ ಹೆಂಡತಿ ನಗು ತಡೆಯಲಾರದೆ, "ಪುಡ್ಡಿಂಗ್ ಮಾಡಿದ್ದು ನಟೇಶ ಕಣ್ರೀ. ಸಾರೂ ಅವನದೇ," ಎಂದಳು. ಗ್ಯಾಸ್ ಒಲೆಯ ಗುಂಡಿ ಯಾವ ಕಡೆ ತಿರುಗುತ್ತದೆಂದು ಇವತ್ತಿಗೂ ಅರಿಯದ ನಾನು ಮೆಲ್ಲಗೆ ಹೊಟ್ಟೆ ಒಳಗೆಳೆದುಕೊಂಡೆ. ಅಂದ ಹಾಗೆ, ಹೇಳುವುದೇ ಮರೆತೆ. ಮನೆ ಅತ್ತೆಯದು. ಮದುವೆಯಾದ ಹೊಸದರಲ್ಲಿ, ಬಾಡಿಗೆ ಮನೆ ಸಿಗುವವರೆಗೆ ಅಂತ ನಾನು ಬಂದದ್ದು.

ಅವತ್ತೇ ನಟೇಶನ ಹಾಸಿಗೆ ಮಹಡಿ ಹತ್ತಿತು. ಅತ್ತೆ ನನ್ನ ಬಟ್ಟಲಿಗೆ ಇನ್ನೊಂದು ತುಂಡು ಪುಡ್ಡಿಂಗ್ ಹಾಕಿ, ಬಹಳ ಅಕ್ಕರೆಯಿಂದ ಹೇಳಿದರು:

"ಸಂಕೋಚ ಪಟ್ಕೋಬೇಡಿ ಅಳಿಯಂದ್ರೇ. ನಿಮ್ಮನೆ ಅಂತ್ಲೇ ತಿಳ್ಕೊಳ್ಳಿ."