ಜಪ್ಪಯ್ಯ ಎಂದರೂ ಬರದ ಪುಲ್ಲಿ

ದೊಡ್ಡಬಳ್ಳಾಪುರದಲ್ಲಿ ನಮ್ಮ ಭಾವನಷ್ಟು ಜೋರಾಗಿ ಕಾರು ಓಡಿಸಿ, ಅವರಷ್ಟು ತಡವಾಗಿ ಬೆಂಗಳೂರು ಸೇರುವವರು ಇನ್ನೊಬ್ಬರಿರಲಿಲ್ಲ. ಯಾರನ್ನಾದರೂ ಹಿಂದೆ ಹಾಕಿದರೆ ಮುಂದಿನ ಟೀ ಅಂಗಡಿಯಲ್ಲಿ ನಿಲ್ಲಿಸಿ, ಹಿಂದುಳಿದವರು ಬರುವ ತನಕ ಕಾದು, ಅವರ ಮುಖ ನೋಡಿಯೇ ಹೊರಡಬೇಕು. ಹೀಗಾದರೆ ಬೆಂಗಳೂರು ಹತ್ತಿರವಾಗುವುದು ಹೇಗೆ?

ತೊಂಬತ್ತರ ದಶಕದ ಆರಂಭ. ಊರಿನವರೆಲ್ಲ ಪವರ್‌ಲೂಮು ಹೆಚ್ಚಿಸಿಕೊಳ್ಳುತ್ತಿದ್ದಾಗ ಭಾವ ತಮ್ಮ ನಾಲ್ಕೇ ಮಗ್ಗಗಳಿಗೆ ತೃಪ್ತರಾಗಿ, ರೇಸು ಬಿಟ್ಟ ಯಾರೋ ಒಬ್ಬರಿಂದ ಹಳೆಯ ವಿದೇಶಿ ಕಾರು ತಂದರು. ಅದರಲ್ಲಿ ಸೂಪರ್‌ಚಾರ್ಜರ್ ಎಂಬುದೊಂದು ಯಂತ್ರ. ಬೆಲ್ಟಿನಿಂದ ತಿರುಗುತ್ತ ಎಂಜಿನ್ನಿನ ಬಾಯಿಗೆ ಗಾಳಿ ತುರುಕುವುದು ಅದರ ಉದ್ಯೋಗ. ಬೀಗರ ಊಟದಲ್ಲಿ ಒಬ್ಬಟ್ಟು ಬಡಿಸುವವರ ಹಾಗೆ, ಸಾಕೆಂದರೂ ಬಿಡದು. ಆಗ ಕಾರು ಕಿರುಚುತ್ತ ಎಗರುತ್ತಿತ್ತು. ಒಮ್ಮೆ ಅದರಲ್ಲಿ ರಾಜಾನುಕುಂಟೆಯವರೆಗೆ ಹೋದ ನಾನು ನಮ್ಮ ಮನೆದೇವರಿಂದ ಹಿಡಿದು ಪಕ್ಕದ ಮನೆಯವರ ಮನೆದೇವರವರೆಗೆ ಎಲ್ಲರಿಗೂ ಹರಕೆ ಹೊತ್ತಿದ್ದೆ.

ಹೀಗೆ ಕೆಲವು ವರ್ಷ ಕಳೆದ ಮೇಲೆ ಅಕ್ಕನ ಬೆನ್ನಿನಲ್ಲಿ ನರ ಒತ್ತಿಕೊಂಡಿತು. ಮೂರು ವಾರದಿಂದ ಕೂರಲಾರಳು, ಮಲಗಲಾರಳು, ಕಣ್ಣಿಗೆ ನಿದ್ದೆಯೇ ಇಲ್ಲ. ಸೋಮವಾರ ಬೆಂಗಳೂರಿನ ದೊಡ್ಡ ಡಾಕ್ಟರು ನೋಡುತ್ತೇನೆಂದಿದ್ದರು. ಬಸ್ಸು, ರೈಲು ಹತ್ತಿ ಇಳಿಯುವುದು ಆಗದ ಮಾತು. ಬಾಡಿಗೆ ಕಾರು ತರೋಣವೆಂದರೆ ಭಾವನ ಮಾನ ಒಪ್ಪದು. ಭಾವನ ಕಾರಿಗೆ ಅಕ್ಕ ಒಪ್ಪಳು.

"ಆ ಕಿರುಚೋದನ್ನ ಕಿತ್ತಾಕ್ರೀ, ಬರ್ತೀನಿ. ಇಲ್ದಿದ್ರೆ ಇಲ್ಲೇ ಬಿದ್ದಿರ್ತೀನಿ. ನಿಮ್ ರೇಸ್‌ಗೆ ನನ್ ಬೆನ್ನೇ ಬೇಕಾ?"

ಭಾವ ಕಿಟಕಿಯಿಂದ ಕಾರಿನ ಕಡೆ ನೋಡಿದರು. "ಪೂರ್ತಿ ಕೀಳಕ್ಕಾಗಲ್ಲ ಕಣೇ. ಬೆಲ್ಟ್ ಸುತ್ತೋ ಚಕ್ರ ಇದ್ಯಲ್ಲ, ಆ ಪುಲ್ಲಿ ತೆಗೆದು ದೊಡ್ಡದು ಹಾಕಿದ್ರೆ ನಿಧಾನಕ್ಕೆ ತಿರುಗ್ತದೆ. ಗಾಡಿ ಮೆತ್ತಗಾಗ್ತದೆ."

ಲೇತ್ ಅಂಗಡಿಯಲ್ಲಿ ದೊಡ್ಡ ಪುಲ್ಲಿ ಶನಿವಾರವೇ ತಯಾರಾಯಿತು. ಹಳೆಯದು ಜಾಗ ಬಿಡಬೇಕಲ್ಲ?

ಭಾನುವಾರ ಬೆಳಿಗ್ಗೆ ಮಗ್ಗ ರಿಪೇರಿಯ ಮೇಸ್ತ್ರಿ ಪುಲ್ಲರ್ ತಂದರು. ಪುಲ್ಲಿಯನ್ನು ಮೂರು ಕಾಲುಗಳಿಂದ ತಬ್ಬಿ ಹೊರಗೆಳೆಯುವ ಸಾಧನ ಅದು. ನಾನು ಹಿಡಿದೆ, ಭಾವ ತಿರುಗಿಸಿದರು. ಟಣ್ ಎಂದಿತು. ಪುಲ್ಲಿ ಬಂತೆಂದು ಹಿಗ್ಗಿದೆ. ಮುರಿದದ್ದು ಪುಲ್ಲರಿನ ಕಾಲು.

"ಊರಿನ ಮೋಟ್ರುಗಳನ್ನೆಲ್ಲ ಬಿಚ್ಚಿತ್ತು ಸಾಮಿ ಇದು," ಎಂದರು ಮೇಸ್ತ್ರಿ, ತೀರಿಕೊಂಡವರ ಗುಣಗಾನ ಮಾಡುವ ದನಿಯಲ್ಲಿ.

ಅಷ್ಟರಲ್ಲಿ ಬೀದಿಯೇ ಸೇರಿತ್ತು. ನಮ್ಮೂರಲ್ಲಿ ಮಗ್ಗ ಇಟ್ಟವರೆಲ್ಲ ಅರ್ಧ ಮೆಕ್ಯಾನಿಕ್, ಉಳಿದರ್ಧ ಸಲಹೆಗಾರರು. ಒಬ್ಬರು ಸೀಮೆಎಣ್ಣೆ ಬಿಡಿ ಎಂದರು, ಇನ್ನೊಬ್ಬರು ಬೆಂಕಿಯಲ್ಲಿ ಕಾಯಿಸಿ ಎಂದರು. ಯಾರ ಮನಸ್ಸೂ ನೋಯದಿರಲೆಂದು ಎರಡನ್ನೂ ಒಟ್ಟಿಗೆ ಮಾಡಹೊರಟ ಭಾವನನ್ನು ನಾನು ಓಡಿಹೋಗಿ ತಡೆದೆ.

"ಹೆದ್ರುಪುಕ್ಲ ಕಣೋ ನೀನು."

"ಹೌದು ಭಾವ. ಅದಕ್ಕೇ ಇನ್ನೂ ಬದುಕಿದ್ದೀನಿ."

ಮಧ್ಯಾಹ್ನ ದಾಟಿತು. ಒಳಗಿನಿಂದ "ಬಂತೇನ್ರೀ?" ಎಂದು ಕೇಳಿ ಕೇಳಿ ಸಾಕಾದ ಅಕ್ಕ ಗೋಡೆ ಹಿಡಿದುಕೊಂಡು ತಾನೇ ಹೊರಗೆ ಬಂದಳು. ಬಗ್ಗಲಾರದೆ ನಿಂತಲ್ಲಿಂದಲೇ ನೋಡಿ, "ಅದರ ಮೇಲೆ ಅಷ್ಟೊಂದು ಕುಂಕುಮ ಯಾಕ್ ಮೆತ್ತಿದೀರ? ಮೊದ್ಲು ಅದನ್ನ ಕೆರೀಬಾರ್ದಾ?" ಎಂದಳು.

ನಾವೆಲ್ಲ ಬೆಚ್ಚಿದೆವು. ಪ್ರತಿ ಆಯುಧಪೂಜೆಗೂ ಭಾವ ಆ ಪುಲ್ಲಿಗೆ ವಿಭೂತಿ, ಅರಿಸಿನ, ಕುಂಕುಮ ಹಚ್ಚಿ, ಅಳಿಸದಿರಲೆಂದು ಮೇಲೆ ವಾರ್ನಿಷ್ ಬಳಿಯುತ್ತಿದ್ದರು. ಪೂಜೆಯ ಕುಂಕುಮಕ್ಕೆ ಸುತ್ತಿಗೆ ತಾಗಿದರೆ ಅಪಚಾರವೆಂದು ಬೆಳಗಿನಿಂದ ನಾವು ಅದರ ಸುತ್ತಲೇ ಹೊಡೆಯುತ್ತಿದ್ದೆವು! ಭಾವ ಕೈಮುಗಿದು ಕೆರೆದರು. ಅಡಿಯಲ್ಲಿ ಪುಲ್ಲಿಯನ್ನು ಬಿಗಿಹಿಡಿದ ಪುಟ್ಟ ಸ್ಕ್ರೂ ಒಂದು ಇಷ್ಟು ವರ್ಷಗಳ ಭಕ್ತಿಯನ್ನು ಹೊದ್ದು ಹಾಯಾಗಿ ಕೂತಿತ್ತು. ಅದನ್ನು ಬಿಚ್ಚಿ ಮೇಸ್ತ್ರಿ ಎರಡು ಪೆಟ್ಟು ಕೊಟ್ಟರು. ಪುಲ್ಲಿ ಕೈಗೇ ಬಂತು.

"ನಾನು ಆಗ್ಲೇ ಅಂದ್ಕೊಂಡೆ," ಎಂದರು ಸೀಮೆಎಣ್ಣೆಯವರು.

ಸೋಮವಾರ ಹೊರಟೆವು. ಮುಂದಿನ ಸೀಟನ್ನು ಒರಗಿಸಿ ಅಕ್ಕನನ್ನು ಮಲಗಿಸಿ, ನಾನು ಹಿಂದೆ ಮುದುರಿ ಕೂತೆ. ಕಾರು ಕಿರುಚಲಿಲ್ಲ, ಎಗರಲಿಲ್ಲ. ಇಳಿಜಾರಿನಲ್ಲಿ ಹಾಲಿನ ಕ್ಯಾನು ಕಟ್ಟಿದ್ದ ಸೈಕಲ್ಲಿನವನೊಬ್ಬ ನಮ್ಮನ್ನು ದಾಟುತ್ತ, "ಏನ್ ಗುರು, ತಳ್ಬೇಕಾ?" ಎಂದ. ಭಾವ ಎಡಕ್ಕೆ ಸರಿದು ದಾರಿ ಬಿಟ್ಟರು. ನನಗೋ ಚಿಂತೆ.

"ಭಾವ, ಹಿಂಗೆ ಹೋದ್ರೆ ಡಾಕ್ಟ್ರು ಎದ್ದು..."

ಅವರು ತುಟಿಯ ಮೇಲೆ ಬೆರಳಿಟ್ಟು, ಕಣ್ಣಿನಲ್ಲೇ ಪಕ್ಕಕ್ಕೆ ತೋರಿಸಿದರು. ಅಕ್ಕ ಬಾಯಿ ಸ್ವಲ್ಪ ತೆರೆದುಕೊಂಡು ನಿದ್ದೆ ಹೋಗಿದ್ದಳು.

ಆಸ್ಪತ್ರೆಯ ಮುಂದೆ ನಿಂತಾಗ ಇನ್ನೂ ಅರ್ಧ ಗಂಟೆ ಸಮಯವಿತ್ತು. ಭಾವ ಎಂಜಿನ್ ಆರಿಸಲಿಲ್ಲ. ಸದ್ದು ನಿಂತರೆ ಅವಳಿಗೆ ಎಚ್ಚರವಾದೀತೆಂದು, ಸ್ಟೀರಿಂಗ್ ಹಿಡಿದುಕೊಂಡೇ, ಇನ್ನೂ ಓಡಿಸುತ್ತಿರುವವರ ಹಾಗೆ ಕೂತಿದ್ದರು.