ಮಾವನ ಕವಚದ ತೂಕ

ನಮ್ಮ ಮಾವನಷ್ಟು ಕೆಟ್ಟದಾಗಿ ಕೊಡಲಿ ಬೀಸುವ ವೀರ ಇಡೀ ಕಂಬಂ ಕಣಿವೆಯಲ್ಲಿ ಇನ್ನೊಬ್ಬನಿಲ್ಲ! ಇದನ್ನು ನಾನು ಅವರ ಬೆನ್ನ ಹಿಂದೆ ಹೇಳುತ್ತಿಲ್ಲ, ಎದುರಿಗೇ ಹೇಳಿದ್ದೇನೆ. ಅವರು ಹೌದೆಂದು ತಲೆಯಾಡಿಸಿ, "ಇನ್ನೊಂದ್ ದಪ ಆಡಣ" ಎಂದು ಮತ್ತೆ ಟಿವಿ ಮುಂದೆ ಕೂತರು.

ಮಾವ ಅಂದರೆ ನನ್ನ ತಾಯಿಯ ಅಣ್ಣ. ಮಾರ್ಕಯನ್‌ಕೋಟ್ಟೈಯಲ್ಲಿ ಬಾಳೆಗೊನೆಯ ವ್ಯಾಪಾರ. ಅವರಿಗೆ ಅರವತ್ತು ಸಮೀಪಿಸಿದೆ, ಮೀಸೆಗೆ ಮಾತ್ರ ಇನ್ನೂ ಇಪ್ಪತ್ತೈದು. ಇಂಥವರು ವಿಡಿಯೊ ಗೇಮಿನ ಗೀಳಿಗೆ ಬಿದ್ದದ್ದು ಹೇಗೆ? ಎಲ್ಲ ಮಗಳಿಂದ. ಅವಳು ಕೊಡೈಕಾನಲ್‌ನ ಹೋಟೆಲೊಂದರಲ್ಲಿ ಅಡುಗೆ ಕೆಲಸಕ್ಕೆ ಸೇರುತ್ತೇನೆ ಎಂದಾಗ ಮಾವ, "ನಮ್ಮನೆ ಎಣ್ಣು ಊರೋರ್ಗೆಲ್ಲಾ ಬೇಯ್ಸಿ ಆಕಕ್ಕೆ ಓಗ್ಬೇಕಾ?" ಎಂದು ಕೂಗಾಡಿದರು. ಅವಳು ಹೋದಳು. ಹೋದ ಪೊಂಗಲ್‌ನಿಂದ ಇಬ್ಬರಿಗೂ ಮಾತಿಲ್ಲ. ಮೊದಲು ಫೋನ್ ಮಾಡಿದವರು ಸೋತ ಹಾಗಂತೆ! ಅವಳೂ ಅಪ್ಪನ ಮಗಳೇ; ತಾಯಿಯ ಜೊತೆ ಗಂಟೆಗಟ್ಟಲೆ ಹರಟುತ್ತಾಳೆ, "ಅಪ್ಪ" ಎಂಬ ಪದ ಬಂದ ಕೂಡಲೇ ಅಲ್ಲಿ ಸಿಗ್ನಲ್ ಹೋಗುತ್ತದೆ.

ಒಂದು ಭಾನುವಾರ ತೇನಿಯಿಂದ ಅವರ ಮನೆಗೆ ಹೋದಾಗ ನಾನು ಬಾಯಿಬಿಟ್ಟೆ. ಅವಳಿಗೆ ನಾನು ಅಕ್ಕ; ನಾನು ತೇನಿಯಿಂದ, ಅವಳು ಬೆಟ್ಟದ ಮೇಲಿಂದ, ಇಬ್ಬರೂ ಒಂದೇ ಗೇಮನ್ನು ಜೊತೆಯಾಗಿ ಆಡುತ್ತೇವೆ. ಅದರಲ್ಲೊಬ್ಬ ಕಲ್ಲಿನ ರಾಕ್ಷಸನನ್ನು ದಾಟಲಾಗದೆ ಅವಳು ಒದ್ದಾಡುತ್ತಿದ್ದಾಳೆ ಎಂದೆ.

ಮಾವ ಎದ್ದು ಹೋಗಿ ಬಾಯೊಳಗಿನ ಎಲೆಯಡಿಕೆ ಉಗುಳಿ ಬಂದರು. "ಅವ್ನು ಅವಳ್ನ ಒಡೀತಾನಾ?"

"ದಿನಾ ಒಡೀತಾನೆ."

"ನಂಗೆ ಕಲ್ಸು."

ಮುಂದಿನ ವಾರ ನಾನು ಹೊತ್ತು ತಂದ ಗೇಮ್ ಪೆಟ್ಟಿಗೆ ಅವರ ಮನೆಯಲ್ಲೇ ಉಳಿಯಿತು, ನನ್ನ ಭಾನುವಾರಗಳೂ ಅಲ್ಲೇ ಉಳಿದವು.

ಮೊದಲ ಪಾಠ ಅಂಕಿಗಳದ್ದು. ಕತ್ತಿಗೆ ಎಷ್ಟು ಏಟಿನ ಬಲ, ಕವಚ ಎಷ್ಟು ತಡೆಯುತ್ತದೆ, ಯಾವುದಕ್ಕೆ ಎಷ್ಟು ತೂಕ, ಎಲ್ಲ ಪಕ್ಕದಲ್ಲೇ ಬರೆದಿರುತ್ತದೆ. ಮಾವ ನೋಡಿದ್ದು ತೂಕವೊಂದನ್ನೇ. ಜೀವಮಾನವಿಡೀ ಗೊನೆಗಳನ್ನು ತೂಗಿದ ಕಣ್ಣಲ್ಲವೇ! "ತೂಕ ಜಾಸ್ತಿ ಇದ್ರೆ ಒಳ್ಳೇ ಸರಕು" ಎಂದು ಅತಿ ಭಾರದ ಶಿರಸ್ತ್ರಾಣ, ಅತಿ ಭಾರದ ಕವಚ, ಬಾಗಿಲಿನಂಥ ಗುರಾಣಿ ತೊಡಿಸಿದರು. ಅವರ ವೀರ ತುಂಬು ಬಸುರಿ ಎಮ್ಮೆಯ ಹಾಗೆ ನಡೆದ. ಶತ್ರು ಕೊಡಲಿ ಎತ್ತಿದರೆ ಉಳಿದವರ ವೀರರು ಪಲ್ಟಿ ಹೊಡೆದು ತಪ್ಪಿಸಿಕೊಳ್ಳುತ್ತಾರೆ. ಮಾವನ ವೀರ ದೊಪ್ಪನೆ ಕವುಚಿಕೊಂಡ.

"ಉರುಳ್ತಾವ್ನೆ ಅಲ್ವಾ?"

"ಬೀಳ್ತಾವ್ನೆ ಮಾವಾ."

ಎರಡನೆಯ ಪಾಠ ಆಯುಧದ್ದು, ಅದಕ್ಕೆ ನಮ್ಮ ದೇವರೇ ಅಡ್ಡ ಬಂದ. ತಮಿಳುನಾಡಿನ ಈ ಕಣಿವೆಯ ಕನ್ನಡದವರಾದ ನಾವು ಹಸುವಿನ ಚೊಚ್ಚಲ ಹೋರಿಗರುವನ್ನು ದೇವರ ಮಂದೆಗೆ ಬಿಡುತ್ತೇವೆ. ಅದಕ್ಕೆ ಯಾರೂ ನೊಗ ಕಟ್ಟುವಂತಿಲ್ಲ. ಮಾವನಿಗೆ ಗವಿಯೊಂದರಲ್ಲಿ ಮೊಟ್ಟಮೊದಲ ಮಹಾಖಡ್ಗ ಸಿಕ್ಕಿತು. ಅವರ ಕೈಲಿದ್ದ ಹಳೇ ಕೊಡಲಿಯ ಮೂರರಷ್ಟು ಬಲ! ನಾನು ಕುಣಿದೆ. ಮಾವ ಕೈಮುಗಿದರು.

"ಮೊದ್ಲುದು ಸಾಮೀದು ಮಾ. ಕೆಲ್ಸಕ್ಕೆ ಕಟ್ಟಕ್ಕಾಗ್ದು."

"ಆಗಾದ್ರೆ ಮಾರಿ, ಭಾರಾನಾದ್ರೂ ಇಳೀಲಿ!"

"ಸಾಮಿಗೆ ಬಿಟ್ಟ ಕರಾನ ಮಾರ್ತಾರಾ?"

ಹೀಗೆ ಆ ಖಡ್ಗ ಬೆನ್ನಿಗೇರಿ ಆರಾಮಾಗಿ ಊರು ಸುತ್ತಿತು, ಯುದ್ಧವನ್ನೆಲ್ಲ ತುಕ್ಕು ಹಿಡಿದ ಕೊಡಲಿಯೇ ಮಾಡಿತು. ಅಡುಗೆಮನೆಯಿಂದ ಅತ್ತೆ ಒಂದು ಬಿಟ್ಟರು: "ಮಗಳ್ಗೆ ಒಂದು ಪೋನ್ ಮಾಡಕ್ಕಾಗ್ದೋರು ರಾಕ್ಷಸನ್ನ ಕೊಲ್ತಾರಂತೆ!"

"ಪೋನ್ ಕಷ್ಟ ಕಣೆ. ಇದು ಸುಲ್ಬ" ಎಂದರು ಮಾವ, ಅದೇ ಹೊತ್ತಿಗೆ ಸತ್ತು ಬಿದ್ದು.

ಹಟ ಅಂದರೆ ಹಟ. ಸತ್ತರು, ಎದ್ದರು, ಸತ್ತರು. ಬೆಂಕಿ ತಡೆಯುವ ಕವಚ ವಿಷ ತಡೆಯುವುದಿಲ್ಲ, ತೋಳಿನಲ್ಲಿ ಬಲವಿಲ್ಲದವನಿಗೆ ದೊಡ್ಡ ಆಯುಧ ದಕ್ಕುವುದಿಲ್ಲ, ಎಲ್ಲವನ್ನೂ ಏಟು ತಿಂದೇ ಕಲಿತರು. ಒಂದು ಮಾತ್ರ ಕಲಿಯಲಿಲ್ಲ. ವೀರನನ್ನು ಬೆಳೆಸಲೆಂದು ಸಿಗುವ ಅಂಕಗಳನ್ನೆಲ್ಲ ಜೀವಕ್ಕೂ ರಕ್ಷಣೆಗೂ ಸುರಿದರು, ಏಟಿನ ಬಲಕ್ಕೆ ಒಂದು ಬಿಡಿ ಅಂಕವನ್ನೂ ಕೊಡಲಿಲ್ಲ. ನನಗೆ ರೇಗಿಹೋಯಿತು.

"ಮಾವಾ, ನೀವು ಒಡ್ಯೋದು ಯಾವಾಗ?"

"ಒಡ್ಯಕ್ಕೆ ಮಗ್ಳು ಅವ್ಳಲ್ಲಾ. ಏಟು ತಿನ್ನಕ್ಕೆ ಒಬ್ರು ಬೇಕಲ್ವಾ?"

ನಾನು ಆಮೇಲೆ ಪಾಠ ಹೇಳುವುದನ್ನು ಬಿಟ್ಟೆ.

ಕೊನೆಗೊಂದು ಭಾನುವಾರ ಮಧ್ಯಾಹ್ನ ಅವಳನ್ನು ಆಟಕ್ಕೆ ಕರೆದೆ. ನಾನೇ ಆಡುತ್ತಿದ್ದೇನೆ ಎಂದು ಅವಳು ನಂಬಿದ್ದಳು. ಅವಳ ದನಿ ಟಿವಿಯಿಂದ ಕೇಳಿದ ಕೂಡಲೇ ಮಾವ ಪಂಚೆ ಸರಿಮಾಡಿಕೊಂಡರು, ಅವಳಿಗೇನೋ ಕಾಣುತ್ತದೆ ಎಂಬಂತೆ! ಬಾಯಿ ಮಾತ್ರ ಬಿಡಲಿಲ್ಲ.

ರಾಕ್ಷಸ ಗದೆ ಎತ್ತಿದ. ಮಾವನ ವೀರ ಧಡಧಡನೆ ಹೋಗಿ ಅವಳ ಮುಂದೆ ನಿಂತ. ಗದೆ ಬಿತ್ತು. ಅವಳು ಎಡಕ್ಕೆ ಸರಿದರೆ ಇವನೂ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಏಟೆಲ್ಲ ಇವನಿಗೇ.

"ಅಕ್ಕಾ, ಯಾಕಿಂಗೆ ಮುಂದ್ಮುಂದಕ್ಕೆ ಬತ್ತೀಯ? ನೀ ಯಾವಾಗ್ಲೂ ನನ್ನ ಬಿಟ್ಟು ಓಡೋಗೋಳಲ್ವಾ!"

ನಿಜವೇ. ನಾನು ಗೋಡೆಯ ಕಡೆ ನೋಡಿದೆ. ಇನ್ನೊಂದು ಏಟು ಬಿತ್ತು, ವೀರ ಕದಲಲಿಲ್ಲ. ಅವಳು ಸಣ್ಣ ದನಿಯಲ್ಲಿ ಕೇಳಿದಳು.

"ಅಪ್ಪಾ?"

ಮಾವನ ಬೆರಳುಗಳು ನಿಂತುಬಿಟ್ಟವು. ಅವಳೂ ಆಡುವುದನ್ನು ನಿಲ್ಲಿಸಿದ್ದಳು. ಸಿಕ್ಕಿದ್ದೇ ಸಮಯವೆಂದು ರಾಕ್ಷಸ ಇಬ್ಬರನ್ನೂ ಒಂದೇ ಏಟಿಗೆ ಕೆಡವಿದ. ಯಾರಿಗೆ ಬೇಕಾಗಿತ್ತು ಅದು! ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸೌಟು ಹಿಡಿದು ನಿಂತಿದ್ದರು.

"ಉಂಡ್ಯಾಮ್ಮಾ?" ಎಂದರು ಮಾವ.

"ಇನ್ನೂ ಇಲ್ಲಪ್ಪಾ. ಈಗ್ತಾನೆ ಓಟ್ಲಲ್ಲಿ ಅಡ್ಗೆ ಮುಗ್ಸಿ ಬಂದೆ."

ಮಾವ ಮೀಸೆಯ ಮೇಲೆ ಇಳಿದದ್ದನ್ನು ಒರೆಸಿಕೊಳ್ಳದೆ, ಟಿವಿಯ ಹತ್ತಿರಕ್ಕೆ ಸರಿದು ಕೂತು ಕೇಳಿದರು:

"ಇವತ್ತು ಏನೇನ್ ಬೇಯ್ಸ್ದೆ ಮಗ್ಳೇ? ಒಂದೊಂದಾಗಿ ಯೋಳು."