ಪಾಸೂ ಅಲ್ಲ, ಫೇಲೂ ಅಲ್ಲ

ಇಪ್ಪತ್ತೇಳು ವರ್ಷ ಸಂಸಾರ ಮಾಡಿದರೂ ನಮ್ಮ ಯಜಮಾನರ ಕೈಯಲ್ಲಿ ನಾನು ಯಾವುದರಲ್ಲೂ ಪಾಸಾಗಲಿಲ್ಲ. ಫೇಲೂ ಆಗಲಿಲ್ಲ. ಫೇಲ್ ಅಂದಿದ್ದರೆ ಅತ್ತಾದರೂ ಸುಮ್ಮನಾಗುತ್ತಿದ್ದೆ!

ಆ ಭಾನುವಾರ ಬೆಳಿಗ್ಗೆಯೂ ಅದೇ ಜಗಳ. ಕುವೆಂಪುನಗರದ ನಮ್ಮ ಬೀದಿಯಲ್ಲಿ ಸ್ಕೂಟರ್ ಕಲಿಯುತ್ತಾ ಐವತ್ತೊಂದು ವರ್ಷದ ನಾನು. ಬನಿಯನ್ ತೊಟ್ಟು, ಕೊರಳಿಗೆ ವಿಷಲ್ ನೇತುಹಾಕಿಕೊಂಡು ಗೇಟಿನ ಹತ್ತಿರ ಅವರು. ನಾನು ಕಾಲು ಊರಿದೆನೋ, ಪೀ! ಎದುರುಮನೆಯವರು ಪೇಪರ್ ಓದುವುದು ಬಿಟ್ಟು ನನ್ನನ್ನೇ ಓದುತ್ತಿದ್ದರು.

ಅವರು ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು. ರೂಪಣಾತ್ಮಕ ಮೌಲ್ಯಮಾಪನ ಎಂಬುದನ್ನು ಯಾವುದೋ ತರಬೇತಿಯಲ್ಲಿ ಕೇಳಿಬಂದರು ನೋಡಿ, ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು. ಕೊನೆಗೊಮ್ಮೆ ಅಂಕ ಹಾಕಿ ಕೈತೊಳೆದುಕೊಳ್ಳುವುದಲ್ಲವಂತೆ, ಕಲಿಯುತ್ತಿರುವಾಗಲೇ ನೋಡಿ ತಿದ್ದುವುದಂತೆ. ಬೇರೆ ಮೇಷ್ಟ್ರುಗಳು ಫಾರಂ ತುಂಬಿಸಿ ಮರೆತರು. ಇವರು ನಂಬಿಬಿಟ್ಟರು! ಒಂದೊಂದು ಮಗುವಿಗೂ ಪುಸ್ತಕದಲ್ಲಿ ಎರಡು ಸಾಲು: ‘ಇವತ್ತು’, ‘ಮುಂದೆ’. ಎರಡನೆಯ ಸಾಲನ್ನು ಮಾತ್ರ ಮರುದಿನ ಕಾಫಿ ಕುಡಿದ ಮೇಲೆಯೇ ಬರೆಯುವುದು. ಆತುರಕ್ಕೆ ಬರೆದರೆ ಮಗುವಿಗೆ ಅನ್ಯಾಯವಂತೆ. ಮನೆಯಲ್ಲಿ ನನಗೂ ಅಂಥದ್ದೇ ಒಂದು ಪುಸ್ತಕ.

ಒಮ್ಮೆ ಅವರ ಹೆಡ್‌ಮಿಸ್ ಮನೆಗೇ ಫೋನ್ ಮಾಡಿದರು. ಓಟಕ್ಕೆ ಅಂಕ ಕೊಡಿ ಅಂದರೆ ‘ಕೊನೆಯಲ್ಲಿ ಬಂದಳು, ಆದರೆ ಈ ಸಲ ಮಧ್ಯೆ ನಿಲ್ಲಲಿಲ್ಲ’ ಎಂದು ಬರೆದುಕೊಟ್ಟಿದ್ದಾರಂತೆ.

“ಇದನ್ನ ಹತ್ತಕ್ಕೆ ಎಷ್ಟು ಅಂತ ತಗೊಳ್ಳಲಿ? ನೀವೇ ಹೇಳ್ರೀ.”

ಕೇಳಿದ್ದು ಯಾರನ್ನು! ಹಿಂದಿನ ದಿನದ ಚಪಾತಿಗೆ ‘ಮುಂದೆ: ಅಂಚು ಬಿಟ್ಟು ನಡುವಿನ ಕಡೆ ಗಮನ ಕೊಡುವುದು’ ಎಂದು ಆಗತಾನೇ ಬರೆಸಿಕೊಂಡು ಕೂತಿದ್ದೆ.

ಇರಲಿ, ಆ ಭಾನುವಾರಕ್ಕೆ ಬರುತ್ತೇನೆ. ಬೀದಿಯ ಕೊನೆಯಲ್ಲಿ ಕಾಲು ಊರದೆ ಸ್ಕೂಟರ್ ತಿರುಗಿಸಿಕೊಂಡು ಬಂದೆ. ವಿಷಲ್ ಕೇಳಿಸಲಿಲ್ಲ.

“ರೀ, ಇವತ್ತಾದ್ರೂ ಪಾಸ್ ಅಂದ್ಬುಡಿ.”

“ಪಾಸ್ ಅಂದ್ರೆ ಕಲಿಯೋದು ನಿಲ್ಲಿಸ್ಬುಡ್ತೀಯ ಕಣೇ.”

“ಆ ಒಂದು ಮಾತು ನಿಮ್ಮ ಬಾಯಲ್ಲಿ ಕೇಳೋಕೆ ಇನ್ನೆಷ್ಟು ವರ್ಷ ಕಾಯ್ಲಿ?”

ನಕ್ಕರು. ಪುಸ್ತಕ ತೆಗೆದು ‘ಇವತ್ತು: ಕಾಲು ಊರಲಿಲ್ಲ’ ಎಂದು ಬರೆದರು. ಅದರ ಕೆಳಗೆ ‘ಮುಂದೆ’ ಎಂದಷ್ಟೇ ಬರೆದು ಮುಚ್ಚಿದರು. ನನಗೆ ರೇಗಿಹೋಯಿತು. ಸಿಟ್ಟಿಗೆ ಅವತ್ತು ಚಪಾತಿ ಮಾಡದೆ ಬರೀ ಅನ್ನ ಬಡಿಸಿದೆ. ಅದಕ್ಕೂ ಏನೋ ಬರೆಯುತ್ತಾರೆ ಅಂದುಕೊಂಡೆ. ಸುಮ್ಮನೆ ಊಟ ಮಾಡಿದರು.

ಮರುದಿನ ಕಾಫಿ ಲೋಟ ಹಿಡಿದು ಕರೆದರೆ ಅವರು ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿದೆ ಅಂದರು ಡಾಕ್ಟರು.

ಕೆಲವು ತಿಂಗಳಾದ ಮೇಲೆ ಲೈಸೆನ್ಸ್ ಪರೀಕ್ಷೆಗೆ ಹೋದೆ. ಅಲ್ಲಿನ ಅಧಿಕಾರಿ ಒಂದೇ ಸುತ್ತು ನೋಡಿ, “ಪಾಸು, ಹೋಗಮ್ಮ” ಅಂದರು. ಇಷ್ಟೇನಾ! ಇಪ್ಪತ್ತೇಳು ವರ್ಷ ನಾನು ಕೇಳಬೇಕೆಂದಿದ್ದ ಮಾತು ಇದೇನಾ? ಈಗ ಯಾದವಗಿರಿಯ ಅಕ್ಕನ ಮನೆಗೆ ಒಬ್ಬಳೇ ಹೋಗಿಬರುತ್ತೇನೆ. ಸಿಗ್ನಲ್‌ನಲ್ಲಿ ಕಾಲು ಊರಿದಾಗಲೆಲ್ಲ ಒಂದು ಗಳಿಗೆ ಕಿವಿ ಕಾಯುತ್ತದೆ.

ಪುಸ್ತಕ ಸ್ಕೂಟರಿನ ಸೀಟಿನ ಕೆಳಗೇ ಇದೆ. ಕೊನೆಯ ಪುಟದ ಎರಡನೆಯ ಸಾಲಿನಲ್ಲಿ ‘ಮುಂದೆ’ ಎಂದಷ್ಟೇ ಇದೆ.